ಚಿನ್ನ ಬೀಳಲ್ಲ ಅಂತೀರಾ? ಒಮ್ಮೆ ಯೆನ್ ಲೆಕ್ಕದಲ್ಲಿ ನೋಡಿ

2025ರ ಸೆಪ್ಟೆಂಬರ್ 29ರ ಸೋಮವಾರ ಜಪಾನಿನಲ್ಲಿ ಚಿನ್ನದ ಚಿಲ್ಲರೆ ಬೆಲೆ ಮೊದಲ ಸಲ ಗ್ರಾಮಿಗೆ 20,000 ಯೆನ್ ದಾಟಿತು. ಇಲ್ಲಿ ಎಲ್ಲರೂ ನೋಡುವುದು ತನಾಕಾ ಕಿಕಿನ್ಜೋಕು ಎಂಬ ಹಳೆಯ ಕಂಪನಿ ದಿನವೂ ಪ್ರಕಟಿಸುವ ದರ. ನಮ್ಮೂರಲ್ಲಿ ಪತ್ರಿಕೆಯ ಮೂಲೆಯಲ್ಲಿ ಬರುವ ಚಿನಿವಾರ ಪೇಟೆಯ ಧಾರಣೆ ಇದ್ದ ಹಾಗೆ. ಅದೇ ದರ 10,000 ದಾಟಿದ್ದು 2023ರ ಆಗಸ್ಟ್‌ನಲ್ಲಿ. ಎರಡು ವರ್ಷ, ದುಪ್ಪಟ್ಟು. ಆಫೀಸಿನ ಊಟದ ಮೇಜಿನಲ್ಲಿ ಇದುವರೆಗೆ ನಾಯಿ, ಗಾಲ್ಫ್ ಬಿಟ್ಟು ಬೇರೆ ಮಾತಾಡದ ಜಪಾನಿ ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು: "ನೀವು ಭಾರತೀಯರು, ನಿಮಗೆ ಗೊತ್ತಿರುತ್ತದೆ, ಈಗ ಕೊಳ್ಳಬಹುದಾ?"

ಅದೇ ವಾರ ಅಮ್ಮನ ಫೋನು. ದೀಪಾವಳಿಗೆ ಮೊಮ್ಮಗಳ ಹೆಸರಲ್ಲಿ ಏನಾದರೂ ತೆಗೆದಿಡಬೇಕಂತೆ. ರೇಟು ನೋಡಿದೆಯಾ ಅಂದೆ. "ಏರಿದೆ ಅಂತ ಕೂತ್ರೆ ಯಾವಾಗ ತಗೊಳ್ಳೋದು? ಚಿನ್ನ ಯಾವತ್ತಾದರೂ ಬಿದ್ದಿದ್ದು ನೋಡಿದ್ದೀಯಾ?"

ನೋಡಿದ್ದೇನೆ. ಅಮ್ಮನೂ ನೋಡಿದ್ದಾಳೆ, ನೆನಪಿಟ್ಟುಕೊಂಡಿಲ್ಲ ಅಷ್ಟೆ. ನಮ್ಮದು ಬಂಗಾರಪೇಟೆ ಕಡೆ. ಚಿಕ್ಕಪ್ಪ ಕೆಜಿಎಫ್‌ನಲ್ಲಿ ಗಣಿಯ ಲೆಕ್ಕಪತ್ರ ವಿಭಾಗದಲ್ಲಿದ್ದವರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, ಅದಿರು ಸೊರಗಿತ್ತು, ಒಂದು ಗ್ರಾಂ ತೆಗೆಯುವ ಖರ್ಚು ಆ ಗ್ರಾಮಿನ ಬೆಲೆಯನ್ನು ಎಷ್ಟೋ ಮೀರಿತ್ತು. ಆ ದಿನಗಳಲ್ಲಿ ಜಾಗತಿಕ ಬೆಲೆ ಔನ್ಸಿಗೆ 260-270 ಡಾಲರ್. ಇಪ್ಪತ್ತು ವರ್ಷಗಳಲ್ಲೇ ಅತಿ ಕೆಳಗಿನ ಮಟ್ಟದ ಹತ್ತಿರ. ಒಂದು ಶತಮಾನಕ್ಕೂ ಮೀರಿ ನಡೆದು ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ ಮುಚ್ಚಿದ್ದು ಬೆಲೆ ತಳ ಕಂಡ ಕಾಲದಲ್ಲಿ. ಅಂದರೆ ನಮ್ಮ ಮನೆಯಲ್ಲೇ ಒಬ್ಬರ ಕೆಲಸ ಚಿನ್ನ ಬಿದ್ದ ಕಾಲದಲ್ಲಿ ಹೋಯಿತು. ಅದೇ ಮನೆಯ ಅಡುಗೆಮನೆಯಲ್ಲಿ ಕೂತು ನಾವು "ಚಿನ್ನ ಬೀಳಲ್ಲ" ಎನ್ನುತ್ತಾ ಬಂದಿದ್ದೇವೆ.

ಅಮ್ಮನನ್ನು ದೂರುತ್ತಿಲ್ಲ. ಆಕೆ ಅಳೆದದ್ದು ರೂಪಾಯಿಯಲ್ಲಿ, ಆಕೆಗೆ ಕಂಡದ್ದು ಅದು. ನನ್ನ ವಾದ ಇಷ್ಟೇ: "ಚಿನ್ನ ಬೀಳಲ್ಲ" ಎನ್ನುವುದು ರೂಪಾಯಿಯ ಬಗ್ಗೆ ನಮ್ಮ ಹಿರಿಯರು ಕೊಟ್ಟ ತೀರ್ಪು. ಚಿನ್ನದ ಬಗ್ಗೆ ಅದು ಹೇಳುವುದು ಕಡಿಮೆ. ಜಪಾನಿನಲ್ಲಿ ಕೂತು ನೋಡಿದರೆ ಇದು ಸ್ಪಷ್ಟವಾಗುತ್ತದೆ, ಯಾಕೆಂದರೆ ಇಲ್ಲಿ ಚಿನ್ನ ಬಿದ್ದಿದೆ. ಬಿದ್ದು ನಲವತ್ತು ವರ್ಷ ಎದ್ದಿರಲಿಲ್ಲ.

ಲೆಕ್ಕಕ್ಕೆ ಬರೋಣ. ಜಪಾನ್ ಚಿನ್ನದ ಆಮದನ್ನು ಮುಕ್ತ ಮಾಡಿದ್ದು 1973ರಲ್ಲಿ. ಕೆಲವೇ ವರ್ಷಗಳಲ್ಲಿ ತೈಲದ ಬಿಕ್ಕಟ್ಟು, ಇರಾನ್, ಅಫ್ಘಾನಿಸ್ತಾನ ಎಲ್ಲ ಒಟ್ಟಿಗೆ ಬಂದು 1980ರ ಜನವರಿಯಲ್ಲಿ ಔನ್ಸು 850 ಡಾಲರ್ ಮುಟ್ಟಿತು. ಜಪಾನಿನಲ್ಲಿ ಗ್ರಾಮಿಗೆ 6,495 ಯೆನ್. ಆಮೇಲೆ ಇಳಿಯತೊಡಗಿತು. 1999ರಲ್ಲಿ ಅದು ಸಾವಿರ ಯೆನ್ನಿಗಿಂತ ಕೆಳಗಿತ್ತು. 6,495ರಿಂದ ಸಾವಿರದ ಒಳಕ್ಕೆ! ಮತ್ತೆ ಆ 6,495 ಕಂಡದ್ದು 2020ರಲ್ಲಿ, ಅದೂ 1980ರಲ್ಲಿ ಇಲ್ಲದಿದ್ದ 10% ಬಳಕೆ ತೆರಿಗೆಯನ್ನು ಸೇರಿಸಿಕೊಂಡು. ಶಿಖರದಲ್ಲಿ ಕೊಂಡವನ ಉದಾಹರಣೆ ಅನ್ಯಾಯ ಎನ್ನುವುದಾದರೆ, ಆ ವರ್ಷದ ಸರಾಸರಿ ಬೆಲೆಗೆ, ಸುಮಾರು 4,500 ಯೆನ್ನಿಗೆ, ಕೊಂಡವನೂ ಅಸಲು ನೋಡಲು ಮೂವತ್ತು ವರ್ಷ ಕಾಯಬೇಕಾಯಿತು. ಅದೇ 1980ರಲ್ಲಿ ಅಂಚೆ ಕಚೇರಿಯ ತೆಯಿಗಾಕು ಠೇವಣಿಗೆ ವರ್ಷಕ್ಕೆ 8% ಬಡ್ಡಿ ಸಿಗುತ್ತಿತ್ತು. ಏನೂ ತಲೆ ಕೆಡಿಸಿಕೊಳ್ಳದೆ ಅಲ್ಲಿಟ್ಟ ಅಜ್ಜಿಯ ದುಡ್ಡು ಹತ್ತು ವರ್ಷದಲ್ಲಿ ದುಪ್ಪಟ್ಟಿಗೂ ಹೆಚ್ಚಾಯಿತು.

ಇದೇ ಅವಧಿಯಲ್ಲಿ ಭಾರತದಲ್ಲಿ? 1980ರಲ್ಲಿ 10 ಗ್ರಾಮಿಗೆ ಸರಾಸರಿ 1,300 ರೂಪಾಯಿ ಚಿಲ್ಲರೆ. 1999ರಲ್ಲಿ 4,200 ಚಿಲ್ಲರೆ. ಮೂರು ಪಟ್ಟು. ಒಂದೇ ಲೋಹ, ಅದೇ 19 ವರ್ಷ. ಒಬ್ಬನಿಗೆ ಮುಕ್ಕಾಲು ಪಾಲು ಕರಗಿತು, ಇನ್ನೊಬ್ಬನಿಗೆ ಮೂರು ಪಟ್ಟಾಯಿತು. ಮಧ್ಯೆ ಕದಲಿದ್ದು ಯಾವುದು? 1980ರಲ್ಲಿ ಒಂದು ರೂಪಾಯಿಗೆ ಸುಮಾರು 29 ಯೆನ್ ಬರುತ್ತಿತ್ತು. (ಹೌದು, ಇಪ್ಪತ್ತೊಂಬತ್ತು. ನಾನೂ ಎರಡು ಸಲ ಗುಣಿಸಿ ನೋಡಿದೆ.) 1999ರಲ್ಲಿ ಮೂರಕ್ಕಿಂತ ಕಡಿಮೆ. ರೂಪಾಯಿ ಕುಸಿದ ವೇಗ ಚಿನ್ನ ಕುಸಿದ ವೇಗಕ್ಕಿಂತ ಹೆಚ್ಚಿತ್ತು, ಅದಕ್ಕೇ ನಮಗೆ ಚಿನ್ನ ಏರಿದಂತೆ ಕಂಡಿತು. ಓಡುವ ರೈಲಿನ ಕಿಟಕಿಯಿಂದ ಮರಗಳು ಓಡಿದಂತೆ ಕಾಣುವುದಿಲ್ಲವೇ, ಹಾಗೆ. ಇನ್ನೂ ಒಂದು ಮಾತು ಸೇರಿಸಬೇಕು: ಆ ಅವಧಿಯಲ್ಲಿ ಭಾರತದಲ್ಲಿ ದಿನಬಳಕೆಯ ಬೆಲೆಗಳು ಸುಮಾರು ಐದು ಪಟ್ಟಾದವು. ಮೂರು ಪಟ್ಟಾದ ಬಳೆ ಐದು ಪಟ್ಟಾದ ಅಕ್ಕಿಯ ಮುಂದೆ ಸೋತಿತ್ತು. ಅಷ್ಟೇಕೆ, ಬರೀ ರೂಪಾಯಿ ಲೆಕ್ಕದಲ್ಲೂ 1996ರಲ್ಲಿ 5,000 ದಾಟಿದ್ದ ಹತ್ತು ಗ್ರಾಂ ಎರಡು ವರ್ಷದಲ್ಲಿ 4,000ದ ಹತ್ತಿರಕ್ಕೆ ಇಳಿದಿತ್ತು. ಮದುವೆ ಒಡವೆ ಮಾರಲು ಯಾರೂ ಹೋಗುವುದಿಲ್ಲ, ಹಾಗಾಗಿ ಇಳಿದದ್ದು ಯಾರಿಗೂ ತಟ್ಟಲಿಲ್ಲ.

ಈಗ ಕಥೆಯ ಎರಡನೇ ಭಾಗ. 2012ರಲ್ಲಿ ಒಂದು ಡಾಲರಿಗೆ 80 ಯೆನ್. ಚಿನ್ನದ ಔನ್ಸಿಗೆ ಸರಾಸರಿ 1,670 ಡಾಲರ್. 2025ರ ಸೆಪ್ಟೆಂಬರಿನಲ್ಲಿ ಗ್ರಾಂ 20,000 ಯೆನ್ ದಾಟಿದ ದಿನ ಔನ್ಸು 3,800 ಡಾಲರ್ ಆಸುಪಾಸು, ಡಾಲರಿಗೆ 149 ಯೆನ್. ಡಾಲರಿನಲ್ಲಿ ಚಿನ್ನ ಸುಮಾರು 2.3 ಪಟ್ಟಾಗಿತ್ತು. ಯೆನ್ನಿನಲ್ಲಿ ನಾಲ್ಕೂವರೆ ಪಟ್ಟು. ಉಳಿದ ಏರಿಕೆ ಬಹುತೇಕ ಯೆನ್ನಿನ ಇಳಿಕೆ, ಚೂರು ಬಳಕೆ ತೆರಿಗೆಯ ಏರಿಕೆ. 2012ರಲ್ಲಿ ರೂಪಾಯಿಗೆ ಒಂದೂವರೆ ಯೆನ್, 2025ರ ಸೆಪ್ಟೆಂಬರಿನಲ್ಲಿ 1.7. ನಾವು ಬಂದಾಗ ಬಂಡೆಯಂತಿದ್ದ ಯೆನ್ ಈಗ ರೂಪಾಯಿಯ ಎದುರೂ ಸವೆದಿದೆ. ಜಪಾನಿನ ಸಹೋದ್ಯೋಗಿ ಇದ್ದಕ್ಕಿದ್ದಂತೆ ನಮ್ಮಮ್ಮನ ಹಾಗೆ ಮಾತಾಡತೊಡಗಿದ್ದು ಇದಕ್ಕೇ. ಆತನ ದುಡ್ಡು ಈಗ ನಮ್ಮ ದುಡ್ಡಿನ ಹಾಗೆ ನಡೆದುಕೊಳ್ಳುತ್ತಿದೆ.

ಜಪಾನಿಗೆ ಈ ಪಾಠ ಹೊಸದೂ ಅಲ್ಲ. 1859ರಲ್ಲಿ ಯೊಕೊಹಾಮಾ ಬಂದರು ತೆರೆದಾಗ ದೇಶದೊಳಗೆ ಒಂದು ತೂಕದ ಚಿನ್ನಕ್ಕೆ ಸುಮಾರು ಐದು ತೂಕದ ಬೆಳ್ಳಿ, ಹೊರಗೆ ಹದಿನೈದು. ಒಪ್ಪಂದದ ಪ್ರಕಾರ ಒಂದು ಮೆಕ್ಸಿಕನ್ ಬೆಳ್ಳಿ ಡಾಲರಿಗೆ ತೂಕದ ಲೆಕ್ಕದಲ್ಲಿ ಮೂರು ಇಚಿಬು ಬೆಳ್ಳಿ ನಾಣ್ಯ ಸಿಗುತ್ತಿತ್ತು. ನಾಲ್ಕು ಇಚಿಬುಗೆ ಒಂದು ಕೊಬಾನ್ ಚಿನ್ನ. ನಾಲ್ಕು ಡಾಲರ್ ತಂದವನಿಗೆ ಹನ್ನೆರಡು ಇಚಿಬು, ಅದಕ್ಕೆ ಮೂರು ಕೊಬಾನ್. ಹಡಗು ಹತ್ತಿ ಶಾಂಘೈಗೆ ಹೋಗಿ ಮಾರಿದರೆ ಹನ್ನೆರಡು ಡಾಲರಿನ ಹತ್ತಿರ. ಒಂದು ಪ್ರಯಾಣಕ್ಕೆ ಮೂರು ಪಟ್ಟು! ನಾವಿದ್ದಿದ್ದರೂ ಬಿಡುತ್ತಿರಲಿಲ್ಲ. 1860ರಲ್ಲಿ ಶೋಗನ್ ಸರ್ಕಾರ ಕೊಬಾನ್‌ನಲ್ಲಿ ಚಿನ್ನವನ್ನು ಮೂರನೇ ಒಂದಕ್ಕೆ ಇಳಿಸಿ ಸೋರಿಕೆ ನಿಲ್ಲಿಸಿತು, ದೇಶದೊಳಗೆ ಬೆಲೆಗಳು ಹಾರಿದವು. 1897ರಲ್ಲಿ ಮೈಜಿ ಸರ್ಕಾರ ಚಿನ್ನದ ಪ್ರಮಾಣಕ್ಕೆ ಬಂದಾಗ ಒಂದು ಯೆನ್ ಅಂದರೆ 0.75 ಗ್ರಾಂ ಚಿನ್ನ. 2025ರ ಸೆಪ್ಟೆಂಬರ್ ಕೊನೆಯಲ್ಲಿ 0.75 ಗ್ರಾಮಿಗೆ 15,000 ಯೆನ್ ಆಗಿತ್ತು.

ಹಾಗಾದರೆ ಚಿನ್ನ ತನ್ನಷ್ಟಕ್ಕೆ ಏನು? ಕ್ಯೂಶುವಿನಲ್ಲಿರುವ ನನಗೆ ಇದನ್ನು ನೋಡಲು ಒಳ್ಳೆಯ ಜಾಗ ಹತ್ತಿರದಲ್ಲೇ ಇದೆ. ಕಾರಿನಲ್ಲಿ ಎರಡು ಗಂಟೆ ಹೋದರೆ ಕಾಗೊಶಿಮಾದ ಇಸಾ ಊರು. ಅಲ್ಲಿರುವುದು ಸುಮಿತೊಮೊ ಮೆಟಲ್ ಮೈನಿಂಗ್‌ನ ಹಿಶಿಕಾರಿ ಗಣಿ. 1981ರಲ್ಲಿ ಕೊರೆದು ಪತ್ತೆ ಮಾಡಿದ್ದು, 1985ರಿಂದ ಚಿನ್ನ ತೆಗೆಯುತ್ತಿದ್ದಾರೆ. ಲೋಕದ ಹೆಚ್ಚಿನ ಗಣಿಗಳಲ್ಲಿ ಒಂದು ಟನ್ ಅದಿರಿಗೆ 3ರಿಂದ 5 ಗ್ರಾಂ ಸಿಕ್ಕರೆ ಇಲ್ಲಿ ಸುಮಾರು 20. 2024ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಸಾದೋ ದ್ವೀಪದ ಗಣಿ (ಆ ಸಭೆ ನಡೆದದ್ದು ದೆಹಲಿಯಲ್ಲಿ) 1601ರಿಂದ 1989ರವರೆಗೆ ಕೊಟ್ಟದ್ದು 78 ಟನ್. ಹಿಶಿಕಾರಿ ನಲವತ್ತು ವರ್ಷದಲ್ಲೇ ಅದರ ಮೂರು ಪಟ್ಟು ಮೀರಿದೆ. ಬೆಟ್ಟದೊಳಗಿನಿಂದ ಉಕ್ಕುವ 65 ಡಿಗ್ರಿ ಬಿಸಿನೀರನ್ನು ಪಂಪ್ ಮಾಡಿ ಹೊರಹಾಕದಿದ್ದರೆ ಗಣಿ ನಡೆಯುವುದಿಲ್ಲ. ಆ ನೀರಿನಲ್ಲಿ ಒಂದಷ್ಟು ಪಕ್ಕದ ಯುನೊಒ ಬಿಸಿನೀರಿನ ಬುಗ್ಗೆಗಳಿಗೆ ಹೋಗುತ್ತದೆ. ಅಲ್ಲಿ ಮುಳುಗಿ ಕೂತು ನನಗೆ ನೆನಪಾದದ್ದು ಚಿಕ್ಕಪ್ಪ ಹೇಳುತ್ತಿದ್ದ ಚಾಂಪಿಯನ್ ರೀಫ್‌ನ ಆಳದ ಬಿಸಿ. ಅದೇ ಲೋಹ, ಭೂಮಿಯ ಅದೇ ಕಾವು. ಒಂದು ಕಡೆ ಗಣಿ ಮುಚ್ಚಿ ಊರು ಬಡವಾಯಿತು, ಇನ್ನೊಂದು ಕಡೆ ಜನ ಟವೆಲ್ಲು ತಲೆ ಮೇಲಿಟ್ಟುಕೊಂಡು ಸ್ನಾನ ಮಾಡುತ್ತಿದ್ದಾರೆ.

ಲೋಹವಾಗಿ ಚಿನ್ನದ ದೊಡ್ಡ ಗುಣ ಅದು ಏನೂ ಮಾಡದಿರುವುದು. ಗಾಳಿ, ನೀರು, ಉಪ್ಪು, ಬೆವರು, ಯಾವುದಕ್ಕೂ ಅದು ಪ್ರತಿಕ್ರಿಯಿಸುವುದಿಲ್ಲ. ನೀರಿಗಿಂತ 19.3 ಪಟ್ಟು ಭಾರ, 1,064 ಡಿಗ್ರಿಗೆ ಕರಗುತ್ತದೆ, ಹೇಳಿದಷ್ಟು ತೆಳುವಾಗುತ್ತದೆ. ಕನಜಾವಾದ ಕುಶಲಕರ್ಮಿಗಳು ಅದನ್ನು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ತೆಳುವಾದ ಹಾಳೆ ಮಾಡುತ್ತಾರೆ. ನಾನು ಚಿಪ್ ಪ್ಯಾಕೇಜಿಂಗ್ ಕೆಲಸದವನು. ಚಿಪ್ಪಿನಿಂದ ಹೊರಗಿನ ಕಾಲುಗಳಿಗೆ ಹೊಲಿಯುವ, ಕೂದಲಿಗಿಂತ ಸಣ್ಣ ತಂತಿ ದಶಕಗಳ ಕಾಲ ಚಿನ್ನದ್ದೇ ಆಗಿತ್ತು. ತುಕ್ಕಿಲ್ಲ, ಮೆದು, ಒತ್ತಿದರೆ ಅಂಟುತ್ತದೆ. 2008ರ ನಂತರ ಬೆಲೆ ಏರಿದಂತೆ ಪ್ಯಾಕೇಜಿಂಗ್ ಕಂಪನಿಗಳು ಒಂದೊಂದಾಗಿ ತಾಮ್ರಕ್ಕೆ ಜಾರಿದವು. ತಾಮ್ರ ಗಡಸು, ಆಕ್ಸಿಡೈಸ್ ಆಗುತ್ತದೆ, ಯಂತ್ರದ ಸೆಟ್ಟಿಂಗ್ ಎಲ್ಲ ಹೊಸದಾಗಿ ಕಲಿಯಬೇಕಾಯಿತು, ಆದರೂ ಜಾರಿದೆವು. ಟೋಕಿಯೊ ಒಲಿಂಪಿಕ್ಸ್ ಪದಕಗಳಿಗೆ ದೇಶದ ಹಳೇ ಫೋನು, ಲ್ಯಾಪ್‌ಟಾಪ್‌ಗಳು ಸೇರಿ ಸುಮಾರು 79,000 ಟನ್ ಸಾಮಾನು ಕೂಡಿಸಿದಾಗ ಸಿಕ್ಕ ಚಿನ್ನ ಬರೀ 32 ಕಿಲೊ.

ಹೂಡಿಕೆದಾರನಾಗಿ ನನಗೆ ಇದರಲ್ಲಿ ಕಾಣುವುದು: ಕೈಗಾರಿಕೆಗೆ ಚಿನ್ನ ಬೇಕು, ಆದರೆ ಬೆಲೆ ಏರಿದರೆ ಬಿಡುತ್ತದೆ. ವರ್ಷದ ಬೇಡಿಕೆಯಲ್ಲಿ ತಂತ್ರಜ್ಞಾನದ ಪಾಲು ನೂರಕ್ಕೆ ಏಳರಷ್ಟು ಮಾತ್ರ. ಉಳಿದದ್ದು ಒಡವೆ, ಗಟ್ಟಿ, ಸರ್ಕಾರಿ ತಿಜೋರಿ. 2022ರಿಂದ ಮೂರು ವರ್ಷ ಸತತವಾಗಿ ಕೇಂದ್ರ ಬ್ಯಾಂಕುಗಳು ವರ್ಷಕ್ಕೆ ಸಾವಿರ ಟನ್ನಿಗೂ ಹೆಚ್ಚು ಕೊಂಡಿವೆ. ಚಿನ್ನ ಬಡ್ಡಿ ಕೊಡುವುದಿಲ್ಲ, ಬಾಡಿಗೆ ಕೊಡುವುದಿಲ್ಲ, ಮರಿ ಹಾಕುವುದಿಲ್ಲ. ಬೇರೆ ಎಲ್ಲರ ಮಾತಿನ ಮೇಲೆ ಅನುಮಾನ ಬಂದಾಗ ಅದರ ಬೆಲೆ ಏರುತ್ತದೆ. ಅನುಮಾನ ಕಡಿಮೆಯಾದರೆ? 1980ರಿಂದ 1999 ನೋಡಿ.

ಅನುಮಾನದ ವಿಷಯಕ್ಕೆ ಜಪಾನಿನದೇ ಒಂದು ನಾಣ್ಯ ಇದೆ, ನನಗೆ ಬಹಳ ಇಷ್ಟ. 1986ರಲ್ಲಿ ಚಕ್ರವರ್ತಿ ಹಿರೊಹಿತೊ ಸಿಂಹಾಸನವೇರಿ 60 ವರ್ಷವಾದ ನೆನಪಿಗೆ ಸರ್ಕಾರ ಒಂದು ಲಕ್ಷ ಯೆನ್ ಮುಖಬೆಲೆಯ ಚಿನ್ನದ ನಾಣ್ಯ ಟಂಕಿಸಿತು. ಅದರಲ್ಲಿದ್ದದ್ದು 20 ಗ್ರಾಂ ಅಪ್ಪಟ ಚಿನ್ನ. ಆಗಿನ ಬೆಲೆಯಲ್ಲಿ ಸುಮಾರು 40,000 ಯೆನ್. ಉಳಿದ 60,000 ಸರ್ಕಾರದ ಲಾಭ. ಮೊದಲ ವರ್ಷವೇ ಒಂದು ಕೋಟಿ ನಾಣ್ಯ, ಅಂದರೆ 200 ಟನ್. ಚಿನ್ನ ಕೊಂಡು ನಾಣ್ಯ ಮಾಡಿದರೆ ದುಡ್ಡು ದುಪ್ಪಟ್ಟಿಗೂ ಹೆಚ್ಚಾಗುತ್ತದೆ ಎಂದ ಮೇಲೆ ಖದೀಮರು ಸುಮ್ಮನಿರುತ್ತಾರೆಯೇ? 1990ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನಕಲಿ ನಾಣ್ಯಗಳು ಪತ್ತೆಯಾದವು. ನಕಲಿ ಅಂದರೆ ನಾಣ್ಯ ನಕಲಿ, ಚಿನ್ನ ಅಸಲಿಯೇ! ವರ್ಷಗಟ್ಟಲೆ ಆ ನಾಣ್ಯದ ಒಳಗಿನ ಲೋಹಕ್ಕಿಂತ ಅದರ ಮೇಲೆ ಸರ್ಕಾರ ಬರೆದ ಮಾತಿಗೇ ಬೆಲೆ ಹೆಚ್ಚಿತ್ತು. ಯಾರಿಗಾದರೂ ತುರ್ತು ಬಂದರೆ ಬ್ಯಾಂಕಿಗೆ ಕೊಟ್ಟು ಒಂದು ಲಕ್ಷ ಪಡೆಯುವುದೇ ಜಾಣತನ. 2013ರಲ್ಲಿ ಗ್ರಾಂ 5,000 ಯೆನ್ ದಾಟಿದಾಗ ತಕ್ಕಡಿ ತಿರುಗಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಅದೇ ನಾಣ್ಯದೊಳಗಿನ ಚಿನ್ನಕ್ಕೆ ನಾಲ್ಕು ಲಕ್ಷ ಆಗಿತ್ತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹತ್ತು ವರ್ಷದ ಹಿಂದೆ ಇದೇ ಬ್ಲಾಗಿನಲ್ಲಿ "ಚಿನ್ನ ಸತ್ತ ದುಡ್ಡು" ಎಂದು ಬರೆದಿದ್ದೆ. ಹಳೇ ಓದುಗರು ಮೊನ್ನೆಯಿಂದ ಅದನ್ನೇ ನನಗೆ ಕಳಿಸುತ್ತಿದ್ದಾರೆ. ಆಗ ಗ್ರಾಂ 5,000 ಯೆನ್ನಿಗೂ ಕಡಿಮೆ. ಆ ದುಡ್ಡನ್ನು ಅಮೆರಿಕದ ಸೂಚ್ಯಂಕ ನಿಧಿಗೆ ಹಾಕಿದ್ದರಿಂದ ನಷ್ಟವೇನೂ ಆಗಿಲ್ಲ, ಲಾಭಾಂಶ ಸೇರಿದರೆ ಅದೂ ಚಿನ್ನಕ್ಕೆ ಹೆಗಲು ಕೊಟ್ಟಿದೆ. ಆದರೆ ತುರ್ತು ನಿಧಿ ಎಂದು ಅಷ್ಟೂ ವರ್ಷ ಯೆನ್ನಿನಲ್ಲೇ ಬ್ಯಾಂಕಿನಲ್ಲಿ ಕೂಡಿಟ್ಟೆನಲ್ಲ, ಅಲ್ಲಿ ಏಟು ಬಿದ್ದಿತು. ಊರಲ್ಲಿ ಅಪ್ಪನ ಆಪರೇಷನ್ನಿಗೆ ದುಡ್ಡು ಬೇಕಾದಾಗ ಗೊತ್ತಾಯಿತು. ನನ್ನ ತುರ್ತುಗಳೆಲ್ಲ ರೂಪಾಯಿಯಲ್ಲಿ ಬರುತ್ತವೆ, ನಿಧಿ ಇದ್ದದ್ದು ಯೆನ್ನಿನಲ್ಲಿ.

ಹೊರದೇಶದಲ್ಲಿರುವ ನಮಗೆಲ್ಲ ಇದೇ ಪೇಚು. ಸಂಬಳ ಒಂದು ಹಣದಲ್ಲಿ, ಸಾಲ ಇನ್ನೊಂದರಲ್ಲಿ, ಮಗುವಿನ ಕಾಲೇಜು ಯಾವ ದೇಶದಲ್ಲಿ ಎಂಬುದು ದೇವರಿಗೇ ಗೊತ್ತು. ಎರಡೂ ಹಣ ಒಟ್ಟಿಗೆ ಸವೆಯುವ ಸಾಧ್ಯತೆಗೆ ಎದುರಾಗಿ ಯಾವ ಸರ್ಕಾರಕ್ಕೂ ಸೇರದ ಮೂರನೇ ಹಣ ಸ್ವಲ್ಪ ಇರಲಿ ಎಂಬುದು ಈಗ ನನ್ನ ನಿಲುವು. ನಮ್ಮ ಮನೆಯಲ್ಲಿ ನೂರಕ್ಕೆ ಎಂಟು. ಊರಿನ ಒಡವೆ ಈ ಲೆಕ್ಕಕ್ಕೆ ಸೇರಿಲ್ಲ. ಅದು ಹೆಂಡತಿಯದು, ಮಾರುವ ಮಾತೇ ಇಲ್ಲ, ಮಾರದ್ದು ಹೂಡಿಕೆಯೂ ಅಲ್ಲ. ಎಂಟು ಮೀರಿದಾಗ ಮಾರುತ್ತೇನೆ, ಈ ಸೆಪ್ಟೆಂಬರಿನಲ್ಲಿ ಎಲ್ಲರೂ ಕೊಳ್ಳಲು ಓಡುತ್ತಿದ್ದಾಗ ಸ್ವಲ್ಪ ಮಾರಿದೆ ಕೂಡ. 20,000 ಆಯಿತು, 40,000 ಆಗುತ್ತದೆ ಎಂದು ಈಗ ಬೋನಸ್ ಪೂರ್ತಿ ಸುರಿಯುವವರನ್ನು ಕಂಡರೆ ನನಗೆ 1980ರ ಜನವರಿ ನೆನಪಾಗುತ್ತದೆ.

ಜಪಾನಿನಲ್ಲಿರುವವರಿಗೆ ನಾಲ್ಕು ಮಾತು, ಸಲಹೆಗಾರನಾಗಿ ಅಲ್ಲ, ಪಕ್ಕದ ಮನೆಯವನಾಗಿ. ಕೊಳ್ಳುವಾಗ ತೆರುವ 10% ಬಳಕೆ ತೆರಿಗೆ, ಇಲ್ಲೇ ಮಾರಿದರೆ ಬೆಲೆಯಲ್ಲಿ ಸೇರಿ ವಾಪಸು ಬರುತ್ತದೆ. ಊರಿಗೆ ಒಯ್ದು ಮಾರಿದರೆ ಬರುವುದಿಲ್ಲ. 500 ಗ್ರಾಮಿಗಿಂತ ಸಣ್ಣ ಗಟ್ಟಿಗೆ ಮೇಲೆ ಶುಲ್ಕ ಬೀಳುತ್ತದೆ. ಬಿಲ್ಲನ್ನು ಮಾತ್ರ ಜೀವದಂತೆ ಕಾಪಾಡಿ: ಮಾರುವಾಗ ಕೊಂಡ ಬೆಲೆ ತೋರಿಸಲಾಗದಿದ್ದರೆ ಮಾರಿದ ಬೆಲೆಯ 5% ಮಾತ್ರ ನಿಮ್ಮ ಖರ್ಚು ಎಂದು ಹಿಡಿಯುತ್ತಾರೆ, ಉಳಿದದ್ದೆಲ್ಲ ಲಾಭ! ಒಂದೇ ವ್ಯಾಪಾರಿಗೆ 20 ಲಕ್ಷ ಯೆನ್ ಮೀರಿ ಮಾರಿದರೆ ತೆರಿಗೆ ಕಚೇರಿಗೆ ವರದಿ ಹೋಗುತ್ತದೆ. ಐದು ವರ್ಷ ದಾಟಿಸಿ ಮಾರಿದರೆ, ಐದು ಲಕ್ಷ ಯೆನ್ ವಿನಾಯಿತಿ ಕಳೆದು ಉಳಿದ ಲಾಭದ ಅರ್ಧಕ್ಕೆ ಮಾತ್ರ ತೆರಿಗೆ. ಗಟ್ಟಿ ಬೇಡ ಎನ್ನುವವರು ನೀಸಾ ಖಾತೆಯ ಬೆಳವಣಿಗೆ ಪಾಲಿನಲ್ಲಿ ಚಿನ್ನದ ಇಟಿಎಫ್ ಕೊಳ್ಳಬಹುದು. ಆದರೆ ಜಪಾನ್ ಬಿಟ್ಟು ಹೊರಟಾಗ ಆ ಖಾತೆ ಉಳಿಸಿಕೊಳ್ಳುವುದು ನಮ್ಮಂಥವರಿಗೆ ಕಷ್ಟ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಊರಿಂದ ಬರುವಾಗ ಇಲ್ಲಿನ ಕಸ್ಟಮ್ಸ್ ಅರ್ಜಿಯಲ್ಲಿ ಚಿನ್ನಕ್ಕೇ ಬೇರೆ ಪ್ರಶ್ನೆ ಇದೆ, ನಿದ್ದೆಗಣ್ಣಲ್ಲಿ ಸುಮ್ಮನೆ "ಇಲ್ಲ" ಎಂದು ಗೀಚಬೇಡಿ. ಹಾಗೇ ಊರಿಗೆ ಒಯ್ಯುವ ಮಿತಿಯ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ.

ಅಮ್ಮನಿಗೆ ಇದ್ಯಾವುದನ್ನೂ ಹೇಳಲಿಲ್ಲ. ಹತ್ತು ಗ್ರಾಮಿಗೆ ಆಗುವಷ್ಟು ದುಡ್ಡು ಕಳಿಸಿ, ಒಡವೆ ಬೇಡ, ಬಿಸ್ಕತ್ತೇ ತಗೋ, ಮಜೂರಿ ಉಳಿಯುತ್ತೆ, ಬಿಲ್ಲು ಜೋಪಾನ ಅಂದೆ. "ಬಿಸ್ಕತ್ತು ಕಿವಿಗೆ ಹಾಕ್ಕೊಂಡು ಮದುವೆಗೆ ಹೋಗೋಕಾಗುತ್ತಾ?" ಅಂದಳು. ಚಿಕ್ಕಪ್ಪನೂ ಪಕ್ಕದಲ್ಲೇ ಇದ್ದರು, ಫೋನ್ ಇಸಕೊಂಡು ಕೇಳಿದ್ದು ಒಂದೇ: ಆ ಜಪಾನ್ ಗಣಿಯಲ್ಲಿ ಟನ್ನಿಗೆ ಎಷ್ಟು ಗ್ರಾಂ ಬರುತ್ತಪ್ಪ? ಇಪ್ಪತ್ತು ಅಂದೆ. ಸ್ವಲ್ಪ ಹೊತ್ತು ಲೈನ್ ಕಟ್ಟಾಯಿತೇನೋ ಅಂದುಕೊಂಡೆ.